ಬೆಳ್ಳಿ ಬಿಟ್ಟು ಮಸಿ ಹಿಡಿದವನು

ಮನೆಯಲ್ಲಿರೋ ಕಲರ್ ಪ್ರಿಂಟರ್‌ಗೆ ಒಂದು ಕಪ್ಪು-ಬಿಳುಪು ಫೋಟೋ ಕೊಟ್ಟು ನೋಡಿ. ಹೊರಗೆ ಬರೋ ಹಾಳೆ ಪೂರ್ತಿ ಕಪ್ಪು-ಬಿಳುಪಾಗಿರೋದು ಕಷ್ಟ. ಟ್ಯೂಬ್‌ಲೈಟ್ ಕೆಳಗೆ ಸ್ವಲ್ಪ ಹಸಿರು ಕಾಣುತ್ತೆ, ಅದನ್ನೇ ಕಿಟಕಿ ಹತ್ತಿರ ತಂದರೆ ಸ್ವಲ್ಪ ಗುಲಾಬಿ. ಸಾಮಾನ್ಯ ಪ್ರಿಂಟರ್ ಬೂದು ಬಣ್ಣವನ್ನು ಬೂದು ಇಂಕಿನಿಂದ ಮಾಡೋದಿಲ್ಲ. ಸಯಾನ್, ಮಜೆಂಟಾ, ಹಳದಿ ಮೂರನ್ನೂ ಅಕ್ಕಪಕ್ಕ ಚಿಮುಕಿಸಿ ನಮ್ಮ ಕಣ್ಣನ್ನು ನಂಬಿಸುತ್ತೆ. ಬೆಳಕು ಬದಲಾದರೆ ಲೆಕ್ಕ ತಪ್ಪುತ್ತೆ. ವರ್ಷಗಳು ಕಳೆದಂತೆ ಒಂದೊಂದು ಬಣ್ಣ ಒಂದೊಂದು ವೇಗದಲ್ಲಿ ಮಾಸೋದರಿಂದ ಇನ್ನೂ ತಪ್ಪುತ್ತೆ. ಇದಕ್ಕೇ ಬೇಸತ್ತ ಕೆಲವರು ಒಂದು ಇಂಕ್‌ಜೆಟ್ ಪ್ರಿಂಟರ್ ಅನ್ನು ಕಪ್ಪು-ಬಿಳುಪಿಗೇ ಮೀಸಲಿಡ್ತಾರೆ. ಬಣ್ಣದ ಕಾರ್ಟ್ರಿಜ್‌ಗಳನ್ನೆಲ್ಲ ತೆಗೆದು, ಒಳಗಿನ ಟ್ಯೂಬು ಮತ್ತು ನಾಝಲ್ ತೊಳೆದು, ಆ ಜಾಗಗಳಿಗೆ ಕಾರ್ಬನ್ ಮಸಿ ತುಂಬ್ತಾರೆ. ಒಂದರಲ್ಲಿ ಗಟ್ಟಿ ಕಪ್ಪು, ಉಳಿದವುಗಳಲ್ಲಿ ಅದೇ ಕಪ್ಪನ್ನು ಹಂತಹಂತವಾಗಿ ತೆಳು ಮಾಡಿದ ಬೂದುಗಳು. ಸೀನಿಯರ್‌ಗಳು ಬಿಟ್ಟುಹೋದ ಆರು ಕಾರ್ಟ್ರಿಜ್ಜಿನ ಹಳೇ ಪ್ರಿಂಟರ್ ಒಂದಕ್ಕೆ ನಮ್ಮ ಫೋಟೋಗ್ರಫಿ ಗುಂಪೂ ಈ ಸೆಮಿಸ್ಟರ್‌ನಲ್ಲಿ ಇದನ್ನೇ ಮಾಡಿದೆ.

ಯಾಕೆ ಕಾರ್ಬನ್, ಯಾಕೆ ಇಷ್ಟೊಂದು ಬೂದು ಅಂತ ಹಿಂದೆ ಹಿಂದೆ ಓದ್ತಾ ಹೋದರೆ ಕೊನೆಗೆ ನಿಲ್ಲೋದು ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಎಂಬ ಇಂಗ್ಲಿಷ್ ಜಮೀನ್ದಾರನ ಮುಂದೆ. ಕಾಗದದ ಮೇಲೆ ಫೋಟೋ ತೆಗೆಯೋದನ್ನ ಕಂಡುಹಿಡಿದವನು ಅಂತ ಅವನ ಹೆಸರು ಕ್ವಿಜ್‌ಗಳಲ್ಲಿ ಬರುತ್ತೆ. ಆದರೆ ಬದುಕಿನ ಕೊನೆಯ 25 ವರ್ಷ ಅವನು ತಾನೇ ಕಂಡುಹಿಡಿದ ಬೆಳ್ಳಿಯ ಫೋಟೋದಿಂದ ಹೊರಗೆ ಬಂದು, ಅದನ್ನು ಮಸಿಯಲ್ಲಿ ಅಚ್ಚು ಹಾಕೋಕೆ ಹೆಣಗಿದ ಅನ್ನೋದು ಅಷ್ಟಾಗಿ ಯಾರ ಬಾಯಲ್ಲೂ ಬರೋದಿಲ್ಲ. ನಮಗೆ ಹೇಳಬೇಕು ಅನಿಸಿದ್ದು ಆ 25 ವರ್ಷದ ಕಥೆ. ಅದಕ್ಕೆ ಮುಂಚಿನದನ್ನ ಬೇಕಾದಷ್ಟು ಮಾತ್ರ ಹೇಳ್ತೀವಿ.

ಟಾಲ್ಬಟ್ ಹುಟ್ಟಿದ್ದು 1800ರ ಫೆಬ್ರವರಿ 11ರಂದು, ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ. ಐದು ತಿಂಗಳ ಕೂಸಾಗಿದ್ದಾಗಲೇ ಅಪ್ಪ ತೀರಿಹೋದ. ಮಗನಿಗೆ ಉಳಿದದ್ದು ಲೇಕಾಕ್ ಆಬಿ ಅನ್ನೋ ಭಾರೀ ಮನೆ, ಜೊತೆಗೆ ಸಾಲ. (ಮಡಿಕೇರಿಯ ಅಬ್ಬಿಗೂ ಇದಕ್ಕೂ ಸಂಬಂಧ ಇಲ್ಲ. ಇದು 13ನೇ ಶತಮಾನದಲ್ಲಿ ಸನ್ಯಾಸಿನಿಯರಿಗೆ ಕಟ್ಟಿದ ಮಠ, ಆಮೇಲೆ ಮನೆಯಾಯ್ತು. ಹ್ಯಾರಿ ಪಾಟರ್ ಸಿನಿಮಾದಲ್ಲಿ ಹಾಗ್ವಾರ್ಟ್ಸ್‌ನ ಕೆಲವು ಕಮಾನು ಓಣಿಗಳನ್ನು ನೋಡಿದ್ದರೆ ನೀವೂ ಈ ಮನೆಯೊಳಗೆ ಹೋಗಿ ಬಂದಿದ್ದೀರಿ.) ತಾಯಿ ಎಲಿಜಬೆತ್ ಗಟ್ಟಿ ಹೆಂಗಸು. ಮನೆಯನ್ನು ಬಾಡಿಗೆಗೆ ಕೊಟ್ಟು, ಮಗನನ್ನು ನೆಂಟರ ಮನೆಗಳಲ್ಲಿ ಬೆಳೆಸಿ, ಆಸ್ತಿಯನ್ನು ಸರಿಮಾಡಿಕೊಂಡಳು. ಹುಡುಗ ಹ್ಯಾರೋ ಶಾಲೆ, ಆಮೇಲೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿದ. ಗ್ರೀಕ್ ಪದ್ಯಕ್ಕೆ ಬಹುಮಾನ ಗೆದ್ದ, 1821ರಲ್ಲಿ ಗಣಿತದಲ್ಲಿ 12ನೇ ರ‍್ಯಾಂಕ್ ತಗೊಂಡ. ಗಣಿತದ ಕೆಲಸಕ್ಕೇ 1831ರಲ್ಲಿ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ತಗೊಂಡಿತು. ತಾಯಿ ಮಗ ಇಬ್ಬರೂ ಸ್ವಂತ ಮನೆ ಸೇರಿದ್ದು 1827ರಲ್ಲಿ, ಅವನಿಗೆ 27 ವರ್ಷ ಆದಾಗ.

1832ರ ಕೊನೆಗೆ ಕಾನ್‌ಸ್ಟನ್ಸ್ ಮಂಡಿ ಎಂಬಾಕೆಯ ಜೊತೆ ಮದುವೆ ಆಯ್ತು. ಮರುವರ್ಷ ಇಬ್ಬರೂ ಯುರೋಪ್ ಸುತ್ತೋಕೆ ಹೊರಟರು. 1833ರ ಅಕ್ಟೋಬರ್‌ನಲ್ಲಿ ಇಟಲಿಯ ಕೋಮೋ ಸರೋವರದ ದಡದಲ್ಲಿ ಎಲ್ಲರೂ ಚಿತ್ರ ಬರೀತಾ ಇದ್ದರು, ಇವನಿಗೆ ಮಾತ್ರ ಕೈ ಬರಲಿಲ್ಲ. ಕ್ಯಾಮೆರಾ ಲೂಸಿಡಾ ಅಂತ ಒಂದು ಪ್ರಿಸಂ ಇಟ್ಟ ಸಾಧನ. ಅದರಲ್ಲಿ ನೋಡಿದರೆ ಎದುರಿನ ದೃಶ್ಯ ಕಾಗದದ ಮೇಲೇ ಬಿದ್ದ ಹಾಗೆ ಕಾಣುತ್ತೆ, ಗೆರೆಯ ಮೇಲೆ ಗೆರೆ ಎಳೆದರೆ ಸಾಕು. ಅದಿದ್ದೂ ಟಾಲ್ಬಟ್‌ಗೆ ಆಗಲಿಲ್ಲ. ಮೊದಲ ವರ್ಷ ಇಂಜಿನಿಯರಿಂಗ್ ಡ್ರಾಯಿಂಗ್ ಮುಂದೆ ಕೂತವರಿಗೆ ಈ ಸಂಕಟ ವಿವರಿಸಬೇಕಾಗಿಲ್ಲ. ಕಾಗದದ ಮೇಲೆ ಬಿದ್ದ ಬೆಳಕಿನ ಚಿತ್ರ ತಾನಾಗಿಯೇ ಅಲ್ಲಿ ಅಂಟಿಕೊಂಡರೆ ಹೇಗಿರುತ್ತೆ ಅನ್ನೋ ಯೋಚನೆ ಅವನಿಗೆ ಬಂದದ್ದು ಅಲ್ಲೇ.

ಊರಿಗೆ ಬಂದ ಮೇಲೆ, 1834ರಲ್ಲಿ ಕೆಲಸ ಶುರು. ಬರೆಯುವ ಕಾಗದವನ್ನು ಉಪ್ಪುನೀರಲ್ಲಿ ಅದ್ದಿ ಒಣಗಿಸಿ, ಮೇಲೆ ಸಿಲ್ವರ್ ನೈಟ್ರೇಟ್ ಹಚ್ಚಿದ. ಎರಡೂ ಸೇರಿ ಕಾಗದದ ನಾರಿನಲ್ಲಿ ಸಿಲ್ವರ್ ಕ್ಲೋರೈಡ್ ಆಗುತ್ತೆ, ಬಿಸಿಲಿಗೆ ಕಪ್ಪಾಗುತ್ತೆ. ಮೇಲೆ ಒಂದು ಎಲೆ ಇಟ್ಟರೆ ಎಲೆಯ ಆಕಾರ ಬೆಳ್ಳಗೆ ಉಳಿಯುತ್ತೆ. ಇಲ್ಲಿವರೆಗೆ ಬೇರೆಯವರೂ ಬಂದಿದ್ದರು. ಆದರೆ ಬಂದ ಚಿತ್ರವನ್ನು ನಿಲ್ಲಿಸೋದು ಹೇಗೆ? ಉಪ್ಪು ಜಾಸ್ತಿಯಾದ ಕಡೆ ಕಾಗದ ಬೆಳಕಿಗೆ ಅಷ್ಟಾಗಿ ಸ್ಪಂದಿಸೋದಿಲ್ಲ ಅನ್ನೋದನ್ನ ಟಾಲ್ಬಟ್ ಗಮನಿಸಿದ. ಹಾಗಾಗಿ ಚಿತ್ರ ಬಂದ ಮೇಲೆ ಗಟ್ಟಿ ಉಪ್ಪುನೀರಲ್ಲಿ ಮತ್ತೆ ಅದ್ದಿದ. ಪೂರ್ತಿ ಅಲ್ಲದಿದ್ದರೂ ಚಿತ್ರ ನಿಂತಿತು. ಅಂಗೈಯಲ್ಲಿ ಹಿಡಿಯೋ ಸಣ್ಣ ಮರದ ಪೆಟ್ಟಿಗೆಗಳಿಗೆ ಲೆನ್ಸ್ ಕೂರಿಸಿ ತೋಟದಲ್ಲೆಲ್ಲ ಇಟ್ಟ. ಹೆಂಡತಿ ಅವಕ್ಕೆ ಇಲಿಬೋನು ಅಂತ ಹೆಸರಿಟ್ಟಳು. 1835ರ ಆಗಸ್ಟ್‌ನಲ್ಲಿ ಅಂಥದೇ ಒಂದು ಪೆಟ್ಟಿಗೆ ಮನೆಯ ಕಿಟಕಿಯೊಂದನ್ನು ಹಿಡಿಯಿತು. ಅಂಚೆ ಚೀಟಿಗಿಂತ ಅಷ್ಟೇನೂ ದೊಡ್ಡದಲ್ಲದ ಚಿತ್ರ, ಅದರಲ್ಲಿ ಕಿಟಕಿಯ ಗಾಜಿನ ತುಂಡುಗಳನ್ನ ಭೂತಗನ್ನಡಿ ಹಿಡಿದು ಎಣಿಸಬಹುದಿತ್ತು. ಇವತ್ತಿಗೆ ಉಳಿದಿರೋ ಅತ್ಯಂತ ಹಳೇ ನೆಗೆಟಿವ್ ಅದು.

ಆಮೇಲೆ? ಆಮೇಲೆ ಏನೂ ಇಲ್ಲ. ಟಾಲ್ಬಟ್ ಅದನ್ನು ಪ್ರಕಟಿಸದೆ ಗಣಿತ, ದೃಗ್ವಿಜ್ಞಾನ ಅಂತ ಬೇರೆ ಕಡೆ ಹೋದ. (1836ರಲ್ಲಿ ಅವನು ಗಮನಿಸಿದ ಟಾಲ್ಬಟ್ ಎಫೆಕ್ಟ್ ಇವತ್ತಿಗೂ ಆಪ್ಟಿಕ್ಸ್ ಪುಸ್ತಕದಲ್ಲಿದೆ: ಗ್ರೇಟಿಂಗ್ ಒಂದರ ಬಿಂಬ ನಿರ್ದಿಷ್ಟ ದೂರಗಳಲ್ಲಿ ಲೆನ್ಸ್ ಇಲ್ಲದೆಯೇ ಮತ್ತೆ ಮತ್ತೆ ಮೂಡೋದು.) 1839ರ ಜನವರಿ 7ರಂದು ಪ್ಯಾರಿಸ್ಸಿನಲ್ಲಿ ಡಾಗೇರ್ ಎಂಬಾತ ಬೆಳಕಿನ ಚಿತ್ರಗಳನ್ನು ಸ್ಥಿರವಾಗಿ ಹಿಡಿದಿದ್ದಾನೆ ಅಂತ ಘೋಷಣೆಯಾಯ್ತು. ಟಾಲ್ಬಟ್‌ಗೆ ನೆಲ ಕುಸಿದ ಹಾಗಾಗಿರಬೇಕು. ಇದ್ದಬದ್ದ ಹಳೇ ಚಿತ್ರಗಳನ್ನ ಹುಡುಕಿ ತೆಗೆದು 25ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ತೋರಿಸಿದ, 31ರಂದು ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಮಂಡಿಸಿದ. ನಾಲ್ಕು ವರ್ಷ ಸುಮ್ಮನೆ ಕೂತ ಮಗನ ಮೇಲೆ ತಾಯಿಗೆ ಸಿಟ್ಟು ಬಂತು. ನಮಗೂ ಬಂತು ಅನ್ನಿ.

ಇಬ್ಬರ ವಿಧಾನವೂ ಬೇರೆ ಬೇರೆ ಆಗಿತ್ತು. ಡಾಗೇರ್‌ನ ಚಿತ್ರ ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ, ಕನ್ನಡಿಯಷ್ಟು ಚೊಕ್ಕ, ಆದರೆ ಒಂದು ಅಂದ್ರೆ ಒಂದೇ. ಟಾಲ್ಬಟ್‌ನದು ಕಾಗದದ ಮೇಲೆ, ಸ್ವಲ್ಪ ಮಸುಕು, ಆದರೆ ಒಂದು ನೆಗೆಟಿವ್‌ನಿಂದ ಎಷ್ಟು ಬೇಕಾದರೂ ಪ್ರತಿ. 1840ರ ಸೆಪ್ಟೆಂಬರ್‌ನಲ್ಲಿ ಅವನು ಗ್ಯಾಲಿಕ್ ಆಮ್ಲ ಬಳಸಿದಾಗ ಇನ್ನೂ ದೊಡ್ಡದು ಸಿಕ್ಕಿತು. ಕ್ಯಾಮೆರಾದಿಂದ ತೆಗೆದ ಕಾಗದ ಖಾಲಿ ಕಾಣುತ್ತಿದ್ದರೂ ಅದರೊಳಗೆ ಚಿತ್ರ ಅಡಗಿರುತ್ತೆ, ರಸಾಯನ ಹಚ್ಚಿದರೆ ಹೊರಗೆ ಬರುತ್ತೆ. ಒಂದು ಗಂಟೆ ಕಾಯೋ ಕಡೆ ಒಂದೆರಡು ನಿಮಿಷ ಸಾಕಾಯ್ತು. ಇದಕ್ಕೆ ಕ್ಯಾಲೋಟೈಪ್ ಅಂತ ಹೆಸರಿಟ್ಟು 1841ರಲ್ಲಿ ಪೇಟೆಂಟ್ ಮಾಡಿಸಿದ. ತಾಯಿಗೆ ಟಾಲ್ಬೊಟೈಪ್ ಅನ್ನೋ ಹೆಸರೇ ಇಷ್ಟ.

ಆ ಪೇಟೆಂಟ್ ಅವನ ಹೆಸರಿಗೆ ಮಸಿ ಬಳಿಯಿತು. ಇಂಗ್ಲೆಂಡಿನಲ್ಲಿ ಕ್ಯಾಲೋಟೈಪ್ ಮಾಡೋರು ದುಡ್ಡು ಕಟ್ಟಿ ಲೈಸೆನ್ಸ್ ತಗೋಬೇಕಿತ್ತು. ಪೇಟೆಂಟ್ ಇಲ್ಲದ ಸ್ಕಾಟ್ಲೆಂಡಿನಲ್ಲಿ ಹಿಲ್ ಮತ್ತು ಆಡಂಸನ್ ಜೋಡಿ ಅದೇ ವಿಧಾನದಲ್ಲಿ ಅದ್ಭುತ ಚಿತ್ರ ತೆಗೆದರು. ಕಾಗದದ ನೆಗೆಟಿವ್ ನಮ್ಮ ಕಡೆಗೂ ಬಂತು. 1854ರ ಡಿಸೆಂಬರ್‌ನಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಹಳೇಬೀಡು, ಬೇಲೂರುಗಳಲ್ಲಿ ಕಾಗದದ ನೆಗೆಟಿವ್‌ಗಳಲ್ಲೇ ಫೋಟೋ ತೆಗೆದ. ಹೊಯ್ಸಳೇಶ್ವರದ ಗೋಡೆಗಳ ಅತಿ ಹಳೆಯ ಫೋಟೋಗಳಲ್ಲಿ ಅವೂ ಸೇರುತ್ತವೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಎಷ್ಟು ಬೇಕಾದರೂ ಪ್ರತಿ ತೆಗೀಬಹುದು ಅಂದ ಮೇಲೆ ಪುಸ್ತಕ ಮಾಡಬಹುದಲ್ವಾ? ಟಾಲ್ಬಟ್‌ನ ಹಳೇ ಸೇವಕ, ಡಚ್ಚಿನವನಾದ ನಿಕೊಲಾಸ್ ಹೆನ್ನಮನ್, ರೀಡಿಂಗ್ ಎಂಬ ಊರಲ್ಲಿ 1844ರಲ್ಲಿ ಒಂದು ಕಾರ್ಖಾನೆ ತೆರೆದ. ಕಾರ್ಖಾನೆ ಅಂದರೆ ಅಂಗಳದಲ್ಲಿ ಸಾಲಾಗಿ ಇಟ್ಟ ಚೌಕಟ್ಟುಗಳು. ಒಂದೊಂದರಲ್ಲೂ ನೆಗೆಟಿವ್ ಕೆಳಗೆ ಉಪ್ಪು-ಬೆಳ್ಳಿಯ ಕಾಗದ, ಮೇಲೆ ಇಂಗ್ಲೆಂಡಿನ ಬಿಸಿಲು, ಅದೂ ಇದ್ದರೆ. ಹೀಗೆ ಬಿಸಿಲಲ್ಲಿ ಕಾಯಿಸಿದ ಪ್ರಿಂಟ್‌ಗಳನ್ನು ಒಂದೊಂದಾಗಿ ಕೈಯಲ್ಲಿ ಅಂಟಿಸಿ 1844ರಿಂದ 1846ರವರೆಗೆ ಆರು ಕಂತುಗಳಲ್ಲಿ 'ದಿ ಪೆನ್ಸಿಲ್ ಆಫ್ ನೇಚರ್' ಹೊರಬಂತು. ಮಾರಾಟಕ್ಕೆ ಅಂತಲೇ ಬಂದ, ಫೋಟೋಗಳಿರೋ ಮೊದಲ ಪುಸ್ತಕ ಇದು ಅಂತಾರೆ. ಒಟ್ಟು 24 ಚಿತ್ರ: ಹುಲ್ಲಿನ ಮೆದೆ, ತೆರೆದ ಬಾಗಿಲ ಪಕ್ಕ ಒರಗಿಸಿಟ್ಟ ಪೊರಕೆ, ಕಪಾಟಿನಲ್ಲಿ ಪಿಂಗಾಣಿ ಪಾತ್ರೆ. ಇವು ಬೆಳಕೇ ಮೂಡಿಸಿದ ಚಿತ್ರಗಳು, ಯಾರೂ ಕೈಯಲ್ಲಿ ಬರೆದದ್ದಲ್ಲ ಅಂತ ಓದುಗರಿಗೆ ಒಂದು ಚೀಟಿಯನ್ನೂ ಇಡಬೇಕಾಯ್ತು, ಯಾಕಂದ್ರೆ ಜನ ಅಂಥದ್ದನ್ನ ನೋಡಿರಲೇ ಇಲ್ಲ.

1846ರ ಜೂನ್‌ನಲ್ಲಿ ಆರ್ಟ್ ಯೂನಿಯನ್ ಎಂಬ ಪತ್ರಿಕೆ ತನ್ನ ಆ ಸಂಚಿಕೆಯ ಒಂದೊಂದು ಪ್ರತಿಯಲ್ಲೂ ಒಂದು ನಿಜವಾದ ಫೋಟೋ ಅಂಟಿಸಿ ಕೊಡೋಣ ಅಂದಿತು. ರೀಡಿಂಗ್‌ನಲ್ಲಿ ಆತುರಾತುರವಾಗಿ ಸಾವಿರಾರು ಪ್ರಿಂಟ್ ಮಾಡಿದರು. ಇಷ್ಟು ದೊಡ್ಡ ಜಾಹೀರಾತು ಮತ್ತೆಲ್ಲಿ ಸಿಗುತ್ತೆ? ಆದರೆ ಓದುಗರ ಕೈಯಲ್ಲೇ ಆ ಚಿತ್ರಗಳು ಮಾಸೋಕೆ ಶುರುವಾದವು. ಕಂದು ಬಣ್ಣ ಹಳದಿಯಾಯ್ತು, ಅಂಚುಗಳು ತೆಳುವಾದವು. ಸಾವಿರಾರು ಮನೆಗಳಲ್ಲಿ ಟಾಲ್ಬಟ್‌ನ ಆವಿಷ್ಕಾರ ಕಣ್ಣೆದುರೇ ಕರಗಿತು. ಆ ವರ್ಷದ ಮಾರ್ಚ್‌ನಲ್ಲಿ ತಾಯಿ ತೀರಿಕೊಂಡಿದ್ದಳು. 'ಪೆನ್ಸಿಲ್ ಆಫ್ ನೇಚರ್' ಏಪ್ರಿಲ್‌ನಲ್ಲಿ ಬಂದ ಆರನೇ ಕಂತಿಗೇ ನಿಂತಿತ್ತು.

ಯಾಕೆ ಮಾಸಿತು ಅನ್ನೋದು ಕೆಮಿಸ್ಟ್ರಿ. ಉಪ್ಪುಕಾಗದದ ಚಿತ್ರದಲ್ಲಿರೋ ಬೆಳ್ಳಿಯ ಕಣಗಳು ಅತಿ ಸಣ್ಣ. ಅಷ್ಟು ಸಣ್ಣ ಇರೋದಕ್ಕೇ ಅವು ಕಪ್ಪಾಗಿ ಕಾಣದೆ ಕೆಂಗಂದಾಗಿ ಕಾಣ್ತವೆ. ಮನೆಯಲ್ಲಿ ಬೆಳ್ಳಿ ದೀಪ, ಕಾಲ್ಗೆಜ್ಜೆ ಕಪ್ಪಾಗೋದು ಗಾಳಿಯಲ್ಲಿರೋ ಗಂಧಕದ ಅಂಶದಿಂದ. ಗೆಜ್ಜೆಯಲ್ಲಿ ಅದು ಮೇಲಿನ ಪದರ ಮಾತ್ರ, ಉಜ್ಜಿದರೆ ಹೋಗುತ್ತೆ. ಪ್ರಿಂಟಿನಲ್ಲಿ ಕಣವೇ ಅಷ್ಟು ಇರೋದು, ಪೂರ್ತಿ ಹೋಗುತ್ತೆ. ಅದರ ಜೊತೆಗೆ, ಚಿತ್ರ ನಿಲ್ಲಿಸೋಕೆ ಬಳಸಿದ ಹೈಪೋ ಸರಿಯಾಗಿ ತೊಳೆಯದೆ ಕಾಗದದಲ್ಲಿ ಉಳಿದರೆ ಅದರಲ್ಲೂ ಗಂಧಕ ಇದೆ, ಒಳಗಿಂದಲೇ ತಿನ್ನುತ್ತೆ. ಇದು ಟಾಲ್ಬಟ್ ಒಬ್ಬನ ತಲೆನೋವಾಗಿ ಉಳಿಯಲಿಲ್ಲ. 1855ರಲ್ಲಿ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿ ಫೋಟೋ ಯಾಕೆ ಮಾಸುತ್ತೆ ಅಂತ ನೋಡೋಕೆ ಸಮಿತಿಯನ್ನೇ ಮಾಡಿತು. ರಾಣಿಯ ಗಂಡ ಆಲ್ಬರ್ಟ್ ಅದಕ್ಕೆ 50 ಪೌಂಡ್ ಕೊಟ್ಟ.

ಇದೇ ಹೊತ್ತಿಗೆ ಪೇಟೆಂಟಿನ ಜಗಳ ಕೋರ್ಟಿಗೆ ಹೋಯ್ತು. 1851ರಲ್ಲಿ ಆರ್ಚರ್ ಎಂಬಾತ ಗಾಜಿನ ಮೇಲೆ ಕೊಲೋಡಿಯನ್ ಹಚ್ಚಿ ನೆಗೆಟಿವ್ ಮಾಡೋ ವಿಧಾನವನ್ನು ಪೇಟೆಂಟ್ ಇಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟಿದ್ದ. ಅದೂ ತನ್ನ ಪೇಟೆಂಟಿನೊಳಗೇ ಬರುತ್ತೆ ಅಂತ ಟಾಲ್ಬಟ್ ಹಟ ಹಿಡಿದ. 1854ರ ಡಿಸೆಂಬರ್‌ನಲ್ಲಿ ಲರೋಷ್ ಎಂಬ ಸ್ಟುಡಿಯೋದವನ ಮೇಲಿನ ಕೇಸಿನಲ್ಲಿ ತೀರ್ಪು ಬಂತು: ಕ್ಯಾಲೋಟೈಪ್ ಕಂಡುಹಿಡಿದವನು ಟಾಲ್ಬಟ್ ಹೌದು, ಆದರೆ ಲರೋಷ್ ಮಾಡಿದ್ದು ಉಲ್ಲಂಘನೆ ಅಲ್ಲ. ಗೆದ್ದೂ ಸೋತ ಹಾಗೆ. ಈ ವಿಷಯದಲ್ಲಿ ನಮಗೆ ಟಾಲ್ಬಟ್ ಪರ ವಾದ ಮಾಡೋಕೆ ಮನಸ್ಸಿಲ್ಲ. ಆರ್ಚರ್ 1857ರಲ್ಲಿ ಬಡವನಾಗಿಯೇ ಸತ್ತ.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಫೋಟೋ ಸಹವಾಸ ಸಾಕು ಅಂತ ಎದ್ದು ಹೋಗ್ತಿದ್ದರು. ಟಾಲ್ಬಟ್ ಕೇಸಿಗೆ ಮೊದಲೇ, 1852ರ ಅಕ್ಟೋಬರ್‌ನಲ್ಲಿ, ಬೇರೊಂದು ಪೇಟೆಂಟ್ ಹಾಕಿಸಿದ್ದ. ಅದರಲ್ಲಿ ಪ್ರಿಂಟಿನ ಕಾಗದದ ಮೇಲೆ ಬೆಳ್ಳಿ ಇಲ್ಲವೇ ಇಲ್ಲ.

ಅವನ ತರ್ಕ ಹೀಗೆ. ನಾಲ್ಕು ನೂರು ವರ್ಷದ ಹಿಂದೆ ಅಚ್ಚಾದ ಪುಸ್ತಕದ ಅಕ್ಷರಗಳು ಇನ್ನೂ ಕಪ್ಪಾಗಿಯೇ ಇವೆ, ತನ್ನ ಫೋಟೋ ನಾಲ್ಕು ವರ್ಷಕ್ಕೆ ಹಳದಿಯಾಗ್ತಿದೆ. ಅಚ್ಚಿನ ಮಸಿ ಅಂದರೆ ಇದ್ದಿಲ ಪುಡಿ, ಕಾರ್ಬನ್. ಅದನ್ನ ಬೆಳಕೂ ಗಾಳಿಯೂ ಏನೂ ಮಾಡೋದಿಲ್ಲ. ಕನ್ನಡದಲ್ಲಿ ಇದನ್ನ ಅರ್ಥ ಮಾಡಿಕೊಳ್ಳೋದು ಸುಲಭ, ಯಾಕಂದ್ರೆ ದೀಪದ ಮೇಲೆ ಕೂರೋ ಕರಿಯೂ ಮಸಿ, ಬರೆಯೋ ಇಂಕೂ ಮಸಿ, ನಮಗೆ ಎರಡಕ್ಕೂ ಒಂದೇ ಪದ. ಹಾಗಾದರೆ ಫೋಟೋವನ್ನ ಮಸಿಯಲ್ಲೇ ಅಚ್ಚು ಹಾಕಬೇಕು. ಬೆಳಕಿನ ಕೆಲಸ ಅಚ್ಚಿನ ತಗಡನ್ನು ತಯಾರು ಮಾಡೋದಷ್ಟೇ ಆಗಬೇಕು, ಕಾಗದದ ಮೇಲೆ ಉಳಿಯೋದು ಮಸಿ ಮಾತ್ರ ಆಗಬೇಕು.

ತಗಡು ಕೊರೆದು ಅಚ್ಚು ಹಾಕೋದು ಗೊತ್ತಿಲ್ಲದವರು ನಮ್ಮ ಓಲೆಗರಿಯನ್ನ ನೆನಪಿಸಿಕೊಳ್ಳಿ. ಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆದರೆ ಅಕ್ಷರ ಕಾಣೋದಿಲ್ಲ. ಮೇಲೆ ಮಸಿ ಸವರಿ ಬಟ್ಟೆಯಲ್ಲಿ ಒರೆಸಿದರೆ ಗೀರಿನೊಳಗೆ ಮಾತ್ರ ಮಸಿ ಉಳಿದು ಅಕ್ಷರ ಎದ್ದು ಬರುತ್ತೆ. ತಗಡಿನದೂ ಅದೇ ತತ್ವ. ಮಸಿ ಸವರಿ, ಒರೆಸಿ, ಒದ್ದೆ ಕಾಗದ ಇಟ್ಟು ಪ್ರೆಸ್‌ನಲ್ಲಿ ಒತ್ತಿದರೆ ಗೀರಿನ ಮಸಿ ಕಾಗದಕ್ಕೆ ಬರುತ್ತೆ. ಗೀರನ್ನ ಕೈಯಲ್ಲಿ ಮಾಡದೆ ಬೆಳಕಿನಿಂದ ಮಾಡಿಸೋದು ಟಾಲ್ಬಟ್‌ನ ಆಸೆ. ಅದಕ್ಕೆ ಅವನು ಜೆಲಾಟಿನ್‌ನಲ್ಲಿ ಪೊಟ್ಯಾಸಿಯಂ ಡೈಕ್ರೊಮೇಟ್ ಬೆರೆಸಿ ಉಕ್ಕಿನ ತಗಡಿಗೆ ಹಚ್ಚಿದ. ಬೆಳಕು ಬಿದ್ದ ಕಡೆ ಇದು ಗಟ್ಟಿಯಾಗಿ ನೀರಿಗೂ ಕರಗೋದಿಲ್ಲ, ಬೀಳದ ಕಡೆ ಮೆತ್ತಗೇ ಇರುತ್ತೆ. ಮೆತ್ತಗಿರೋ ಕಡೆ ತಗಡನ್ನ ರಸಾಯನ ತಿನ್ನುತ್ತೆ, ಗಟ್ಟಿ ಇರೋ ಕಡೆ ತಡೆಯುತ್ತೆ. ಇಸಿಇ ಬ್ರಾಂಚಿನ ಗೆಳೆಯರಿಗೆ ಇಷ್ಟೊತ್ತಿಗೆ ಗೊತ್ತಾಗಿರುತ್ತೆ: ಇದು ಫೋಟೋರೆಸಿಸ್ಟ್. ಇವತ್ತಿನ ಚಿಪ್‌ಗಳನ್ನು ಮಾಡೋದೂ ಇದೇ ಉಪಾಯದ ಮೇಲೆ.

ಆದರೆ ಒಂದು ದೊಡ್ಡ ತೊಡಕು ಬಂತು, ನಮ್ಮ ಪ್ರಿಂಟರ್ ಕಥೆಗೆ ಸಂಬಂಧಿಸಿದ್ದು ಅದೇ. ಗೀರಿನಲ್ಲಿ ಮಸಿ ನಿಲ್ಲುತ್ತೆ, ಸರಿ. ಎಲೆಯಂಥ ಅಗಲವಾದ ಕಪ್ಪು ಭಾಗ ಇದ್ದರೆ? ಅಲ್ಲಿ ತಗಡು ಬಟ್ಟಲಿನ ಹಾಗೆ ಅಗಲವಾಗಿ ತಗ್ಗಾಗುತ್ತೆ, ಒರೆಸೋ ಬಟ್ಟೆ ಒಳಗಿಳಿದು ಮಸಿಯನ್ನೆಲ್ಲ ಎತ್ತಿಬಿಡುತ್ತೆ. ಅಚ್ಚಿನಲ್ಲಿ ಅಂಚು ಕಪ್ಪು, ನಡುವೆ ಬೋಳು. ಇನ್ನು ಬೂದು ಬಣ್ಣವಂತೂ ದೂರದ ಮಾತು. ಮಸಿ ಇರೋದು ಒಂದೇ, ಕಪ್ಪು. ಕಪ್ಪಿನಿಂದ ಬೂದು ತರೋದು ಹೇಗೆ?

1852ರಲ್ಲಿ ಟಾಲ್ಬಟ್ ಕೊಟ್ಟ ಉತ್ತರ ಒಂದು ತುಂಡು ಬಟ್ಟೆ. ತೆಳು ಜಾಲರಿ ಬಟ್ಟೆಯನ್ನ ಮಡಚಿ ತಗಡಿನ ಮೇಲಿಟ್ಟು ಮೊದಲು ಬೆಳಕಿಗೆ ಒಡ್ಡಿದ, ಆಮೇಲೆ ಎಲೆ ಇಟ್ಟು ಒಡ್ಡಿದ. ಎಲೆಯ ಅಗಲವೆಲ್ಲ ಸಣ್ಣ ಸಣ್ಣ ಕಂಡಿಗಳಾಗಿ ಒಡೆಯಿತು, ಒಂದೊಂದು ಕಂಡಿಯಲ್ಲೂ ಮಸಿ ನಿಂತಿತು. ಹತ್ತಿರದಿಂದ ನೋಡಿದರೆ ಚುಕ್ಕಿ, ದೂರದಿಂದ ನೋಡಿದರೆ ತುಂಬಿದ ಬಣ್ಣ. ಮುಂದೆ 1880ರ ದಶಕದಲ್ಲಿ ಪತ್ರಿಕೆಗಳಿಗೆ ಬಂದ ಹಾಫ್‌ಟೋನ್‌ಗೆ ಬೀಜ ಇದೇ.

ಅವನಿಗೆ ಇದು ಸಾಕಾಗಲಿಲ್ಲ. ಬಟ್ಟೆಯ ನೇಯ್ಗೆ ಚಿತ್ರದ ಮೇಲೆ ಎದ್ದು ಕಾಣ್ತಿತ್ತು. ಆರು ವರ್ಷ ಬಿಟ್ಟು, 1858ರಲ್ಲಿ, ಇನ್ನೊಂದು ಪೇಟೆಂಟ್. ಈ ಸಲ ಜಾಲರಿ ಬಿಟ್ಟು ರಾಳದ ಪುಡಿ. ಬೆಳಕಿಗೆ ಒಡ್ಡಿದ ಜೆಲಾಟಿನ್ ಮೇಲೆ ನುಣ್ಣನೆ ರಾಳದ ಪುಡಿ ಉದುರಿಸಿ, ಕೆಳಗಿಂದ ಬಿಸಿ ಮಾಡಿ ಅಂಟಿಸಿದ. ಪುಡಿಗೆ ಸಾಲು ಇಲ್ಲ, ಕ್ರಮ ಇಲ್ಲ, ಬಿದ್ದಲ್ಲಿ ಬಿದ್ದಿರುತ್ತೆ, ಹಾಗಾಗಿ ಕಣ್ಣಿಗೆ ನೇಯ್ಗೆ ಸಿಗೋದಿಲ್ಲ. ಇಂಕ್‌ಜೆಟ್ ಪ್ರಿಂಟ್ ಮೇಲೆ ಭೂತಗನ್ನಡಿ ಹಿಡಿದು ನೋಡಿ. ಪತ್ರಿಕೆಯ ಫೋಟೋದಲ್ಲಿರೋ ಸಾಲುಸಾಲು ಚುಕ್ಕಿ ಅದರಲ್ಲಿ ಇರೋದಿಲ್ಲ, ರಂಗೋಲಿ ಪುಡಿ ಚೆಲ್ಲಿದ ಹಾಗೆ ಚದುರಿರುತ್ತೆ. ಪ್ರಿಂಟರ್‌ನ ಸಾಫ್ಟ್‌ವೇರ್ ಬೇಕೂಂತಲೇ ಹಾಗೆ ಚದುರಿಸುತ್ತೆ. ಟಾಲ್ಬಟ್ ಜಾಲರಿಯಿಂದ ಪುಡಿಗೆ ಹೋದ ಕಾರಣವೂ ಅದರ ಕಾರಣವೂ ಒಂದೇ.

1858ರ ವಿಧಾನದಲ್ಲಿ ಇನ್ನೂ ಒಂದು ಇದೆ, ನಮಗೆ ಬಹಳ ಹಿಡಿಸಿದ್ದು ಅದು. ಈ ಸಲ ಜೆಲಾಟಿನ್ ತೊಳೆಯಲೇ ಇಲ್ಲ. ತಾಮ್ರದ ತಗಡು, ತಿನ್ನೋಕೆ ಫೆರಿಕ್ ಕ್ಲೋರೈಡ್. ಹೌದು, ಲ್ಯಾಬ್‌ನಲ್ಲಿ ಪಿಸಿಬಿ ಎಚ್ ಮಾಡೋಕೆ ಟ್ರೇಯಲ್ಲಿ ಅಲ್ಲಾಡಿಸ್ತೀವಲ್ಲ, ಬೆರಳಿಗೆ ಹತ್ತಿದರೆ ಒಂದು ವಾರ ಹಳದಿ ಬಿಡದ ಅದೇ ದ್ರಾವಣ, ಅದೇ ತಾಮ್ರ. ಟಾಲ್ಬಟ್ ಗಮನಿಸಿದ್ದೇನಂದ್ರೆ ಗಾಢವಾದ ಫೆರಿಕ್ ಕ್ಲೋರೈಡ್ ಗಟ್ಟಿಯಾದ ಜೆಲಾಟಿನ್ ಒಳಗೆ ಹೋಗೋದಿಲ್ಲ, ಮೆತ್ತಗಿರೋ ಕಡೆ ಮಾತ್ರ ಇಳಿಯುತ್ತೆ. ಸ್ವಲ್ಪ ನೀರು ಬೆರೆಸಿದರೆ ಸ್ವಲ್ಪ ಗಟ್ಟಿಯಾದ ಕಡೆಗೂ ಇಳಿಯುತ್ತೆ, ಇನ್ನಷ್ಟು ಬೆರೆಸಿದರೆ ಇನ್ನಷ್ಟು. ಹಾಗಾಗಿ ಬೇರೆ ಬೇರೆ ಗಾಢತೆಯ ಬಾಟಲಿಗಳನ್ನು ಇಟ್ಟುಕೊಂಡು, ಬ್ರಷ್‌ನಲ್ಲಿ ಒಂದಾದ ಮೇಲೆ ಒಂದು ಹಚ್ಚುತ್ತಾ, ಎಲ್ಲಿ ಎಷ್ಟು ತಿಂದಿತು ಅಂತ ನೋಡ್ತಾ ಹೋದ. ಕಪ್ಪು ಬೇಕಾದಲ್ಲಿ ಆಳ, ಬೂದು ಬೇಕಾದಲ್ಲಿ ಮೇಲುಮೇಲೆ. ಆಳವಾದ ಗುಂಡಿಯಲ್ಲಿ ಮಸಿ ದಪ್ಪ, ಆಳ ಕಡಿಮೆ ಇದ್ದರೆ ಮಸಿ ತೆಳು. ತೆಳು ಮಸಿಯ ಪದರದಿಂದ ಕಾಗದದ ಬಿಳುಪು ಇಣುಕುತ್ತೆ, ಅದೇ ಬೂದು.

ಅಂದ್ರೆ ಕಪ್ಪಿನಿಂದ ಬೂದು ಮಾಡೋಕೆ ಎರಡು ದಾರಿ. ಚುಕ್ಕಿಗಳನ್ನ ದೂರ ದೂರ ಇಡೋದು ಒಂದು, ಮಸಿಯನ್ನೇ ತೆಳು ಮಾಡೋದು ಇನ್ನೊಂದು. ಕಪ್ಪು ಕಾರ್ಟ್ರಿಜ್ ಒಂದನ್ನೇ ಬಳಸಿ ಪ್ರಿಂಟ್ ತೆಗೆದರೆ ನಿಮಗೆ ಮೊದಲ ದಾರಿ ಮಾತ್ರ ಇರುತ್ತೆ. ಮೋಡ, ಬಿಳೀ ಗೋಡೆ, ಅಜ್ಜಿಯ ಕೆನ್ನೆಯಂಥ ತಿಳಿ ಜಾಗಗಳಲ್ಲಿ ಕರೀ ಚುಕ್ಕಿಗಳು ಮೆಣಸಿನ ಪುಡಿ ಉದುರಿಸಿದ ಹಾಗೆ ಕಾಣ್ತವೆ. ಪ್ರಿಂಟರ್ ಮೀಸಲಿಟ್ಟು ಆರು ಹಂತದ ಬೂದು ತುಂಬಿದರೆ ಎರಡನೇ ದಾರಿಯೂ ತೆರೆಯುತ್ತೆ. ಕೆನ್ನೆಯ ಜಾಗದಲ್ಲಿ ಪ್ರಿಂಟರ್ ಕಪ್ಪನ್ನ ಮುಟ್ಟೋದೇ ಇಲ್ಲ, ಅತಿ ತೆಳು ಬೂದನ್ನ ಒತ್ತೊತ್ತಾಗಿ ಹಾಕುತ್ತೆ, ಚುಕ್ಕಿ ಕಣ್ಣಿಗೆ ಬೀಳೋದಿಲ್ಲ. ಯಾವ ಬೂದು ಯಾವಾಗ ಶುರುವಾಗಬೇಕು, ಯಾವಾಗ ಮುಂದಿನದಕ್ಕೆ ಕೈ ಕೊಡಬೇಕು ಅನ್ನೋದನ್ನ ಹೊಂದಿಸೋಕೆ ನಾವು ಬಿಳುಪಿನಿಂದ ಕಪ್ಪಿನವರೆಗೆ 21 ಮೆಟ್ಟಿಲಿನ ಪಟ್ಟಿ ಪ್ರಿಂಟ್ ಮಾಡಿ, ಒಣಗಿಸಿ, ಸ್ಕ್ಯಾನ್ ಮಾಡಿ, ಗ್ರಾಫ್ ಎಳೆದು, ತಿದ್ದಿ, ಮತ್ತೆ ಪ್ರಿಂಟ್ ಮಾಡ್ತೀವಿ. ಕಾಗದ ಬದಲಾದರೆ ಎಲ್ಲ ಮೊದಲಿನಿಂದ. ಟಾಲ್ಬಟ್‌ಗೆ ಸ್ಕ್ಯಾನರ್ ಇರಲಿಲ್ಲ, ಬಾಟಲಿಗಳಿದ್ದವು. ಅವನ ಜೆಲಾಟಿನ್ ಆ ದಿನದ ಹವೆ ಎಷ್ಟು ತೇವ ಇದೆ ಅನ್ನೋದರ ಮೇಲೂ ಬದಲಾಗ್ತಿತ್ತು. ಒಂದು ಗುಂಡಿ ಜಾಸ್ತಿ ತಿಂದರೆ ತಗಡೇ ಹೋಯ್ತು, ಅನ್‌ಡೂ ಇಲ್ಲ.

ಇಷ್ಟೆಲ್ಲ ಮಾಡಿ ಅವನು ತೆಗೆದ ಅಚ್ಚುಗಳನ್ನು 1858ರಲ್ಲಿ ಫೋಟೋಗ್ರಾಫಿಕ್ ನ್ಯೂಸ್ ಎಂಬ ಪತ್ರಿಕೆ ಓದುಗರಿಗೆ ಸಂಚಿಕೆಯ ಜೊತೆ ಹಂಚಿತು. ಹನ್ನೆರಡು ವರ್ಷದ ಹಿಂದೆ ಆರ್ಟ್ ಯೂನಿಯನ್ ಹಂಚಿದ ಹಾಗೇ, ಆದರೆ ಈ ಸಲ ಮಾಸಲಿಲ್ಲ. ಈಗಲೂ ಆ ಅಚ್ಚುಗಳು ಮ್ಯೂಸಿಯಂಗಳಲ್ಲಿ ಕಪ್ಪಾಗಿಯೇ ಇವೆ. ಅದೇ ಮ್ಯೂಸಿಯಂಗಳು ಅವನ ಉಪ್ಪುಕಾಗದದ ಪ್ರಿಂಟ್‌ಗಳನ್ನು ಮಂದ ಬೆಳಕಿನಲ್ಲಿ, ಸ್ವಲ್ಪ ದಿನ ಮಾತ್ರ ಹೊರಗಿಟ್ಟು ಮತ್ತೆ ಪೆಟ್ಟಿಗೆಗೆ ಸೇರಿಸ್ತವೆ. 1862ರ ಲಂಡನ್ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಈ ಕೆಲಸಕ್ಕೆ ಪದಕ ಬಂತು. ಚಿತ್ರ ನಿಜಕ್ಕೂ ಚೆನ್ನಾಗಿತ್ತಾ? ಪ್ರಾಮಾಣಿಕವಾಗಿ ಹೇಳೋದಾದರೆ, ಪರವಾಗಿಲ್ಲ. ಪ್ಯಾರಿಸ್ಸಿನ ಕಟ್ಟಡಗಳ ಅಚ್ಚುಗಳಲ್ಲಿ ಗೋಡೆಯ ನೆರಳು ಸೊಗಸಾಗಿದೆ, ಆಕಾಶ ಕಲೆಕಲೆಯಾಗಿದೆ. ಒಂದು ತಗಡಿನಂತೆ ಇನ್ನೊಂದು ಬರ್ತಿರಲಿಲ್ಲ. ಅಚ್ಚಿನ ವ್ಯಾಪಾರಿಗಳಿಗೆ ಬೇಕಾಗಿದ್ದು ದಿನಕ್ಕೆ ಇಷ್ಟು ತಗಡು ಅನ್ನೋ ಖಾತ್ರಿ, ಅದನ್ನ ಅವನು ಕೊಡೋಕೆ ಆಗಲಿಲ್ಲ. ಕೊನೆಯವರೆಗೂ ಎಡಿನ್‌ಬರ್ಗ್‌ನಲ್ಲೋ ಲೇಕಾಕ್‌ನಲ್ಲೋ ಕೂತು ತಿದ್ದುತ್ತಲೇ ಇದ್ದ.

ನಡುವೆ ಬೇರೆ ಹುಚ್ಚುಗಳೂ ಇದ್ದವು. ಆಗತಾನೇ ನೆಲದಿಂದ ಸಿಗ್ತಿದ್ದ ಅಸಿರಿಯಾದ ಬೆಣೆಲಿಪಿಯನ್ನು ಓದೋದು ಅವುಗಳಲ್ಲಿ ದೊಡ್ಡದು. 1857ರಲ್ಲಿ ಒಂದೇ ಶಾಸನವನ್ನು ಟಾಲ್ಬಟ್ ಸೇರಿ ನಾಲ್ವರು ಪರಸ್ಪರ ನೋಡದೆ ಅನುವಾದಿಸಿ ಲಕೋಟೆಯಲ್ಲಿ ಮುಚ್ಚಿ ಕೊಟ್ಟರು. ತೆರೆದು ನೋಡಿದಾಗ ನಾಲ್ಕೂ ಬಹುಮಟ್ಟಿಗೆ ಒಂದೇ ಅರ್ಥ ಕೊಟ್ಟವು, ಬೆಣೆಲಿಪಿಯನ್ನ ನಿಜಕ್ಕೂ ಓದೋಕೆ ಬರುತ್ತೆ ಅಂತ ಲೋಕ ಒಪ್ಪಿತು. ಕೊರೆದ ಗೀರುಗಳು ಸಾವಿರಾರು ವರ್ಷ ಉಳೀತವೆ ಅನ್ನೋದು ಅವನಿಗೆ ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತಿತ್ತು ಅನಿಸುತ್ತೆ.

ಟಾಲ್ಬಟ್ ತೀರಿಕೊಂಡದ್ದು 1877ರ ಸೆಪ್ಟೆಂಬರ್ 17ರಂದು, ಲೇಕಾಕ್‌ನಲ್ಲೇ. ಆಗ ಫೋಟೋಗ್ರಫಿಯ ಇತಿಹಾಸದ ಪುಸ್ತಕವೊಂದಕ್ಕೆ ತನ್ನ ಆವಿಷ್ಕಾರಗಳ ಬಗ್ಗೆ ಅನುಬಂಧ ಬರೀತಾ ಇದ್ದ, ಅರ್ಧಕ್ಕೆ ನಿಂತಿತು. ಮಗ ಚಾರ್ಲ್ಸ್ ಅದನ್ನ ಪೂರ್ತಿ ಮಾಡಿಕೊಟ್ಟ.

ಎರಡು ವರ್ಷದ ನಂತರ, 1879ರಲ್ಲಿ, ವಿಯೆನ್ನಾದಲ್ಲಿ ಕಾರೆಲ್ ಕ್ಲಿಕ್ ಎಂಬ ಚಿತ್ರಗಾರ ಟಾಲ್ಬಟ್‌ನ ಹಂತಗಳನ್ನ ಹಿಂದುಮುಂದು ಮಾಡಿದ. ರಾಳದ ಪುಡಿಯನ್ನ ಕೊನೆಗೆ ಹಾಕೋ ಬದಲು ಮೊದಲೇ ತಾಮ್ರಕ್ಕೆ ಅಂಟಿಸಿದ. ಜೆಲಾಟಿನ್ ಅನ್ನು ನೇರ ತಗಡಿಗೆ ಹಚ್ಚದೆ, ಬೇರೆ ಕಾಗದದ ಮೇಲೆ ಬೆಳಕಿಗೆ ಒಡ್ಡಿ, ಆಮೇಲೆ ತಗಡಿಗೆ ವರ್ಗಾಯಿಸಿದ. ಉಳಿದದ್ದೆಲ್ಲ ಹಾಗೇ ಇತ್ತು: ಡೈಕ್ರೊಮೇಟ್, ಫೆರಿಕ್ ಕ್ಲೋರೈಡ್, ಒಂದೊಂದು ಗಾಢತೆಯ ಒಂದೊಂದು ಬಾಟಲಿ. ಈ ಸಲ ಆಕಾಶ ಕಲೆಯಿಲ್ಲದೆ ಬಂತು, ತಗಡಿನ ಮೇಲೆ ತಗಡು ಒಂದೇ ಥರ ಬಂತು. ಫೋಟೋಗ್ರಾವ್ಯೂರ್ ಅಂತ ಹೆಸರಾದ ಈ ವಿಧಾನವನ್ನು ಇವತ್ತಿಗೂ ಕೆಲವು ಸ್ಟುಡಿಯೋಗಳಲ್ಲಿ ಕೈಯಾರೆ ಮಾಡೋರಿದ್ದಾರೆ. ಅವರು ಅದನ್ನ ಟಾಲ್ಬಟ್-ಕ್ಲಿಕ್ ವಿಧಾನ ಅಂತಾರೆ, ಟಾಲ್ಬಟ್‌ನ ಹೆಸರು ಮೊದಲು.